ಏಡಿಯ ಪೆಟ್ಟಿಗೆಗೆ ಬೂಷ್ಟು ಬಂದ ಬೇಸಿಗೆ

ಗೊತ್ತಿಲ್ಲದ ವಿಷಯಕ್ಕೆ ಗೊತ್ತಿರುವವನ ಹಾಗೆ ತಲೆಯಾಡಿಸುವುದು, ಆಮೇಲೆ ಅದೇ ತಲೆಯನ್ನು ತಗ್ಗಿಸಿಕೊಂಡು ಓಡಾಡುವುದು, ನನ್ನ ಬಾಳಿನಲ್ಲಿ ಮೇಲಿಂದ ಮೇಲೆ ಆಗುತ್ತಲೇ ಬಂದಿದೆ. ದೇವರು ಕ್ಷಮಿಸಿದ್ದಾನೋ ಏನೋ, ನನ್ನ ಹೆಂಡತಿ ಕ್ಷಮಿಸಿಲ್ಲ. ಒಂದೇ ಬೇಸಿಗೆಯಲ್ಲಿ ನಡೆದದ್ದಷ್ಟನ್ನು ಬರೆದು ಮನಸ್ಸು ಹಗುರ ಮಾಡಿಕೊಳ್ಳುತ್ತೇನೆ.

ಭಾರ

ಚಾಮರಾಜಪೇಟೆಯ ನಮ್ಮ ಮನೆಯ ಮಹಡಿಯಲ್ಲಿ ಒಬ್ಬರು ವಿಜ್ಞಾನದ ಟೀಚರು ಬಾಡಿಗೆಗಿದ್ದರು. ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಕಡಲ ಕಡೆಯಿಂದ ಯಾರೋ ತಂದುಕೊಟ್ಟ ಸನ್ಯಾಸಿ ಏಡಿಯೊಂದನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ್ದರು. ಖಾಲಿ ಶಂಖದೊಳಗೆ ಸೇರಿಕೊಂಡು, ಅದನ್ನೇ ಮನೆ ಮಾಡಿ ಹೊತ್ತು ತಿರುಗುವ ಜೀವ ಅದು. ಬೇಸಿಗೆ ರಜದಲ್ಲಿ ತಂಗಿಯ ಬಾಣಂತನಕ್ಕೆ ಹೊರಟಾಗ ಅದನ್ನು ನನಗೊಪ್ಪಿಸಿದರು.

"ರಾಯರೇ, ಆರು ವರ್ಷದಿಂದ ನನ್ನ ಜೊತೆಗಿದೆ. ನಿಮ್ಮನ್ನ ಬಿಟ್ರೆ ಯಾರನ್ನೂ ನಂಬಲ್ಲ" ಎಂದರು. ಪೆಟ್ಟಿಗೆಯೊಳಗೆ ಅಂಟಿಸಿದ್ದ ತೇವ ಅಳೆಯುವ ಪುಟ್ಟ ಮೀಟರು ತೋರಿಸಿದರು. "ಈ ಮುಳ್ಳು ಎಂಬತ್ತರ ಹತ್ತಿರ ಇರ್ಬೇಕು. ಬೂಷ್ಟು ಬರದ ಹಾಗೂ ನೋಡ್ಕೊಳ್ಳಿ. ಮರಳು ಮಾತ್ರ ಆಳಕ್ಕೆ ಕೆದಕ್ಬೇಡಿ."

ಬೂಷ್ಟು ಎಂದದ್ದೇ ತಡ, ಮಿಕ್ಕದ್ದು ನನ್ನ ಕಿವಿಗೆ ಬೀಳಲಿಲ್ಲ. ಮೂವತ್ತು ವರ್ಷ ಹಪ್ಪಳ, ಉಪ್ಪಿನಕಾಯಿ ಅಂಗಡಿ ನಡೆಸಿದವನು ನಾನು. "ದೇವರ ಮೇಲೆ ಭಾರ ಹಾಕಿ ಹೋಗಿ ಬನ್ನಿ ತಾಯಿ, ನಾನಿದ್ದೀನಿ" ಎಂದೆ.

ಒಳಗಿನಿಂದ ಹೆಂಡತಿಯ ದನಿ ಬಂತು: "ಇಬ್ಬರಲ್ಲಿ ಯಾರಾದ್ರೂ ಒಬ್ಬರ ಮೇಲೆ ಹಾಕ್ಲಿ. ದೇವರ ಮೇಲೇ ಆದ್ರೆ ವಾಸಿ."

ಉಪ್ಪಿನಕಾಯಿಯ ಕ್ರಮ

ನಾಲ್ಕನೇ ದಿನ, ತಿನ್ನಲು ಹಾಕಿದ್ದ ಬಾಳೆಹಣ್ಣಿನ ಸುತ್ತ ಬಿಳಿ ಬೂಷ್ಟು ಕಂಡಿತು. ಉಪ್ಪಿನಕಾಯಿ ಜಾಡಿಗೆ ಬೂಷ್ಟು ಬಂದರೆ ಏನು ಮಾಡುತ್ತೇವೆ? ತೇವ ಒರೆಸುತ್ತೇವೆ, ಬಿಸಿಲಿಗಿಡುತ್ತೇವೆ, ಉಪ್ಪು ಹಾಕುತ್ತೇವೆ. ಏಡಿಯನ್ನು ಬುಟ್ಟಿಯಲ್ಲಿ ನೆರಳಿಗಿಟ್ಟು, ಮರಳನ್ನೆಲ್ಲ ತಾರಸಿಯ ಮೇಲೆ ಹಳೇ ಪಂಚೆ ಹಾಸಿ ಹರವಿದೆ. ಪಕ್ಕದಲ್ಲೇ ಹೆಂಡತಿಯ ಸಂಡಿಗೆ ಒಣಗುತ್ತಿತ್ತು. ಗಾಳಿಯ ವಿಚಾರ ನನಗೆ ಹೊಳೆಯಲಿಲ್ಲ.

ಸಂಜೆ ಮರಳಿಗೆ ಒಂದು ಹಿಡಿ ಕಲ್ಲುಪ್ಪು ಬೆರೆಸಿ ಪೆಟ್ಟಿಗೆ ತುಂಬಿದೆ. ಗಾಳಿಯಾಡಲೆಂದು ಮುಚ್ಚಳದ ಬದಲು ಜಾಲರಿ ಇಟ್ಟೆ. ಮುಳ್ಳು ಮೂವತ್ತಕ್ಕಿಳಿಯಿತು. ನನಗೋ ಹೆಮ್ಮೆ.

ಆ ಭಾನುವಾರ ಅಳಿಯಂದಿರು ಊಟಕ್ಕೆ ಬಂದರು. ಸಂಡಿಗೆ ಕಚ್ಚಿದವರು ದವಡೆ ಅಲ್ಲಾಡಿಸದೆ ಒಂದು ಗಳಿಗೆ ಹಾಗೇ ಕೂತರು. ಆಮೇಲೆ ಕೇಳಿದರು: "ಅತ್ತೆ, ಈ ಸಲ ಅಕ್ಕಿ ಜೊತೆ ಹೊಳೇನೂ ರುಬ್ಬಿದೀರಾ?"

ಆವಿ, ಹೊಗೆ

ಟೀಚರು ಫೋನು ಮಾಡಿದಾಗ ಎದೆಯುಬ್ಬಿಸಿ ಹೇಳಿದೆ: "ಬೂಷ್ಟು ಪೂರ್ತಿ ಹೋಯ್ತು. ಮುಳ್ಳೂ ಮೂವತ್ತಕ್ಕೆ ಬಂತು."

"ಅಯ್ಯೋ ರಾಯರೇ! ಅದು ಉಸಿರಾಡೋದೇ ತೇವದಲ್ಲಿ. ಒಣಗಿದ್ರೆ ಸತ್ತೋಗತ್ತೆ!"

ಓಡಿದೆ. ಏಡಿ ಶಂಖದೊಳಗೆ ಮುದುಡಿಕೊಂಡಿತ್ತು. ಪೆಟ್ಟಿಗೆ ಎತ್ತಿಕೊಂಡು ಹೋಗಿ ಬಚ್ಚಲಿನಲ್ಲಿಟ್ಟು, ಹಂಡೆಯ ಆವಿ ತುಂಬಿಸಿ, ಜಪ ಮಾಡುತ್ತ ಬಾಗಿಲಲ್ಲೇ ಕೂತೆ. ಮುಳ್ಳು ಎಂಬತ್ತಕ್ಕೇರಿತು. ಏಡಿ ಮೀಸೆ ಹೊರಹಾಕಿತು. ಎರಡು ದಿನಕ್ಕೆ ಬೂಷ್ಟೂ ವಾಪಸ್ಸು ಬಂತು.

ಸಾಂಬ್ರಾಣಿ ಹಾಕೋಣವೆಂದು ಧೂಪದ ಬಟ್ಟಲು ಹಿಡಿದು ಹೊರಟೆ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ಬಿಸಿಲಾಯ್ತು, ಉಪ್ಪಾಯ್ತು, ಆವಿ ಆಯ್ತು, ಈಗ ಹೊಗೆ. ಇನ್ನು ಒಗ್ಗರಣೆ ಒಂದು ಬಾಕಿ, ನೋಡಿ."

ಒಪ್ಪೊತ್ತು

ಆಗ ಬುದ್ಧಿ ಬಂತು. ಪೆಟ್ಟಿಗೆಯನ್ನು ಮಹಡಿಯಲ್ಲಿ ಟೀಚರ ಮನೆಯಲ್ಲೇ ಇಟ್ಟೆ. ತಿಂದು ಬಿಟ್ಟದ್ದನ್ನು ಅವತ್ತೇ ತೆಗೆಯತೊಡಗಿದೆ, ಮುಚ್ಚಳ ಮುಚ್ಚಿ ದಿನಾ ಸ್ವಲ್ಪ ನೀರು ಚಿಮುಕಿಸಿದೆ, ಅಷ್ಟಿಷ್ಟು ಬಂದ ಬೂಷ್ಟನ್ನು ಚಮಚದಲ್ಲಿ ಕೆರೆದೆ. ಏಡಿ ಮರಳಿನೊಳಗೆ ಹೊಕ್ಕಿತು. ವಾರಗಳಾದರೂ ಮೇಲೆ ಬರಲಿಲ್ಲ.

ಒಂದು ಬೆಳಿಗ್ಗೆ ಚಮಚ ಸ್ವಲ್ಪ ಆಳಕ್ಕೆ ಹೋಯಿತು. ಕಾಲು, ಕೊಂಡಿ, ಕಣ್ಣು ಸಮೇತ ಏಡಿಯ ಮೈಯೇ ಒಣಗಿ ಹಗುರಾಗಿ ಮೇಲೆ ಬಂತು. ಶಂಖ ಇನ್ನೂ ಕೆಳಗಿರಬೇಕು. ಅದನ್ನು ತೆಗೆಯುವ ಧೈರ್ಯವಾಗಲಿಲ್ಲ. ಸಿಕ್ಕಿದ್ದನ್ನು ವೀಳ್ಯದೆಲೆಯಲ್ಲಿ ಸುತ್ತಿ ದಾಸವಾಳದ ಬುಡದಲ್ಲಿ ಮಣ್ಣು ಮಾಡಿ, ತಲೆಗೆ ತಣ್ಣೀರು ಸುರಿದುಕೊಂಡು, ಎದುರು ಮನೆಯ ಶಾಸ್ತ್ರಿಗಳ ಹತ್ತಿರ ಹೋದೆ.

"ಬೆಕ್ಕಿಗಾದ್ರೆ ಪ್ರಾಯಶ್ಚಿತ್ತ ಇದೆ ರಾಯರೇ. ಏಡಿ ವಿಚಾರ ಇದುವರೆಗೆ ಯಾರೂ ಕೇಳಿಲ್ಲ" ಎಂದು ಯೋಚಿಸಿ, "ಟೀಚರು ಬರೋ ತನಕ ಒಪ್ಪೊತ್ತು ಮಾಡಿ" ಎಂದರು.

ದಿನಕ್ಕೊಂದೇ ಊಟ, ಒಂಬತ್ತು ದಿನ. ಹಸಿವಿಗಿಂತ, ನಂಬಿ ಹೋದ ಆ ಹೆಣ್ಣುಮಗಳ ಮುಖ ಹೇಗೆ ನೋಡಲಿ ಎಂಬುದೇ ಹೆಚ್ಚು ಕಾಡುತ್ತಿತ್ತು. ಅವರ ಫೋನು ಬಂದಾಗ ಪೂಜೆಯಲ್ಲಿದ್ದೇನೆಂದು ಹೇಳಿಸಿದೆ. ಮರುದಿನ ಮತ್ತೆ ಬಂತು. ಮತ್ತೆ ಕೈಸನ್ನೆ ಮಾಡಿದೆ. ಹೆಂಡತಿ ಅಂದಳು: "ಹೌದು ಟೀಚರೇ, ಪೂಜೇಲೇ ಇದಾರೆ. ನಿನ್ನೆ ಕೂತೋರು ಇನ್ನೂ ಎದ್ದಿಲ್ಲ."

ಎಲೆ

ಟೀಚರು ಬಂದ ದಿನ ಮೆಟ್ಟಿಲ ಬುಡದಲ್ಲೇ ಕೈಮುಗಿದೆ. "ನಿಮ್ಮ ಏಡೀನ ನಾನೇ ಕೊಂದೆ ತಾಯಿ." ಉಪ್ಪು, ಬಿಸಿಲು, ಮಣ್ಣು ಮಾಡಿದ್ದು, ಪೂಜೆಯ ಸುಳ್ಳು, ಒಂದೂ ಬಿಡದೆ ಒಪ್ಪಿಸಿದೆ.

ಅವರು ಮೇಲಕ್ಕೋಡಿದರು. ನಾವಿಬ್ಬರೂ ಹಿಂದೆ ಹೋದೆವು. ಪೆಟ್ಟಿಗೆಯ ಮುಂದೆ ಮಂಡಿಯೂರಿ, ಗಾಜಿನ ಕೆಳತುದಿಯಲ್ಲಿ ಕಣ್ಣಿಟ್ಟು ನೋಡಿದರು. "ರಾಯರೇ, ಬಗ್ಗಿ ನೋಡಿ."

ಬಗ್ಗಿದೆ. ಮರಳಿನಡಿ, ಗಾಜಿಗೆ ಒತ್ತಿಕೊಂಡು, ಶಂಖ ಇತ್ತು. ಅದರ ಬಾಯಲ್ಲಿ ಹೊಸ ಕೆಂಪು ಕಾಲುಗಳು ಆಡುತ್ತಿದ್ದವು. ಇಷ್ಟು ದಿನ ನಾನು ಮೇಲಿನಿಂದ ಮಾತ್ರ ಇಣುಕಿದ್ದೆ.

"ಹಾವು ಪೊರೆ ಬಿಡಲ್ವಾ, ಹಾಗೇ ಇದೂ. ನೀವು ಮಣ್ಣು ಮಾಡಿದ್ದು ಬರೀ ಪೊರೆ."

ನನ್ನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳುವಷ್ಟರಲ್ಲಿ ಟೀಚರು ಮೆಲ್ಲಗೆ ಕೇಳಿದರು: "ಆ ಪೊರೆ ತಂದ್ಕೊಡ್ತೀರಾ? ಅದನ್ನ ತಿಂದೇ ಅದರ ಮೈ ಗಟ್ಟಿಯಾಗ್ಬೇಕು."

"ಅಂದ್ರೆ ಒಂಬತ್ತು ದಿನದಿಂದ ಅದಕ್ಕೂ ಊಟ ಇಲ್ವಾ?" ಎಂದಳು ಹೆಂಡತಿ.

ಅದೇ ಚಮಚ ಹಿಡಿದು ಇಳಿದು ಹೋಗಿ ದಾಸವಾಳದ ಬುಡ ತೋಡತೊಡಗಿದೆ. ಎದುರು ಜಗಲಿಯಿಂದ ಶಾಸ್ತ್ರಿಗಳು ಎದ್ದು ನಿಂತರು. "ಏನು ರಾಯರೇ, ಹೂತಿದ್ದನ್ನ ಮತ್ತೆ ತೆಗೀತಿದೀರಾ? ಅದ್ಯಾವ ಶಾಸ್ತ್ರ?"

ನಾನು ತಲೆ ಎತ್ತಲಿಲ್ಲ. ಮಹಡಿಯ ಕಿಟಕಿಯಿಂದ ಇಡೀ ಬೀದಿಗೆ ಕೇಳುವ ಹಾಗೆ ಹೆಂಡತಿ ಕೂಗಿದಳು: "ರೀ, ಬೇಗ ತೆಗೀರಿ! ಸತ್ತೋರು ಎಲೆ ಮುಂದೆ ಕೂತಿದಾರೆ!"