ಕುಲುಕಬಾರದ ಬಾಟಲಿ

ಬಾಟಲಿ ಕೈಗೆ ಸಿಕ್ಕರೆ ಕುಲುಕುವುದು ನನಗೆ ಅಂಟಿದ ಚಟ. ಉಡುಪಿಯ ನಮ್ಮ ಮನೆಯಲ್ಲಿ ಬಾಟಲಿ ಎಂದರೆ ಔಷಧಿ. ಒಂದೋ ನನ್ನ ಕೆಮ್ಮಿನದ್ದು, ಇಲ್ಲವೇ ಅಮ್ಮನ ಅಶೋಕಾರಿಷ್ಟ. ಕುಲುಕದೆ ಕುಡಿದರೆ ಗುಣವೆಲ್ಲ ತಳದಲ್ಲೇ ಉಳಿಯುತ್ತದೆ ಎಂದು ಅಮ್ಮ ನಂಬಿದ್ದಳು. ಮುಂದೆ ಸ್ವೀಡನ್ನಿನ ಉಪ್ಸಾಲಾದ ಔಷಧ ಪ್ರಯೋಗಾಲಯವೊಂದಕ್ಕೆ ಸೇರಿದ ಮೇಲೆ ಕುಲುಕುವುದಕ್ಕೇ ಸಂಬಳ ಬರತೊಡಗಿತು. ಇಂಥವನನ್ನು ನಂಬಿ ಇಂಗ್ರಿಡ್ ತಮ್ಮ ವೈನ್ ಬಾಟಲಿ ತರಲು ಕಳಿಸಿದರು.

ಎರಡು ಸಾವಿರದ ಐದೋ ಆರೋ ಇರಬೇಕು. ಇಂಗ್ರಿಡ್ ನಮ್ಮ ಕೆಳಗಿನ ಮನೆಯವರು, ನಿವೃತ್ತ ಸಂಗೀತದ ಮೇಡಂ. ಗಂಡ ಲೆನ್ನಾರ್ಟ್ ತೀರಿಕೊಂಡು ಎರಡು ವರ್ಷವಾಗಿತ್ತು. ಸೋಮವಾರ ಬೆಳಿಗ್ಗೆ ಅವರು ಮನೆ ಖಾಲಿ ಮಾಡಿ ಗೋಥೆನ್‌ಬರ್ಗಿನ ಮಗಳ ಬಳಿಗೆ ಹೊರಡುವವರಿದ್ದರು. ಆ ಮಗಳು ಹುಟ್ಟಿದ ವರ್ಷ ಗಂಡಹೆಂಡತಿ ಕಾರಿನಲ್ಲಿ ಇಟಲಿಗೆ ಹೋಗಿ ಬರೋಲೋ ಎಂಬ ಕೆಂಪು ವೈನಿನ ಆರು ಬಾಟಲಿ ತಂದಿದ್ದರಂತೆ. ಉಳಿದದ್ದು ಒಂದು. ಶನಿವಾರ ಮಧ್ಯಾಹ್ನ ನನ್ನನ್ನೂ ಹೆಂಡತಿ ಶೈಲಾಳನ್ನೂ ಕರೆದರು. ಮಂಡಿನೋವಿನಿಂದಾಗಿ ಅವರು ನೆಲಮಾಳಿಗೆಗೆ ಇಳಿಯುವಂತಿರಲಿಲ್ಲ. ನಾನು ಇಳಿದೆ. ಮೆಟ್ಟಿಲು ಹತ್ತುತ್ತ ದೀಪಕ್ಕೆ ಹಿಡಿದು ನೋಡಿದರೆ ತಳದಲ್ಲಿ ಗಷ್ಟು ಕಂಡಿತು. ಪಾಪ, ನಲವತ್ತು ವರ್ಷದಿಂದ ಯಾರೂ ವಿಚಾರಿಸಿಲ್ಲ ಎನ್ನಿಸಿ, ಚೆನ್ನಾಗಿ ಕುಲುಕಿಯೇ ಒಳಗೆ ತಂದೆ.

ಇಂಗ್ರಿಡ್ ಬಾಟಲಿಯನ್ನು ನೋಡಿದರು, ನನ್ನನ್ನು ನೋಡಿದರು, ಏನೂ ಹೇಳಲಿಲ್ಲ. ಸ್ವೀಡನ್ನಿನವರು ಬೈಯುವುದು ಹೀಗೆಯೇ. ಬಾಟಲಿಯನ್ನು ಅಡುಗೆಮನೆಯ ಮೂಲೆಯಲ್ಲಿ ನಿಲ್ಲಿಸಿ, ನಾಳೆ ಸಂಜೆಯೊಳಗೆ ಗಷ್ಟು ಇಳಿದರೆ ಕುಡಿಯೋಣ, ಇಲ್ಲದಿದ್ದರೆ ಇಲ್ಲ ಎಂದು ಕಾಫಿಗಿಟ್ಟರು.

"ಯಾರು ಹೇಳಿದ್ದು ಮಾರಾಯ್ರೆ ನಿಮಗೆ ಅದನ್ನು ಕುಲುಕ್ಲಿಕ್ಕೆ?" ಎಂದು ಮನೆಗೆ ಬಂದ ಮೇಲೆ ಶೈಲಾ ಕೇಳಿದಳು. ಅಮ್ಮ ಎನ್ನಲು ಬಾಯಿ ಬರಲಿಲ್ಲ. ಮರುದಿನವೆಲ್ಲ ನಾನು ಮನೆಯೊಳಗೆ ತುದಿಗಾಲಲ್ಲಿ ಓಡಾಡಿದೆ, ನೆಲ ಅದುರಿ ಕೆಳಗಿನ ಬಾಟಲಿ ಅಲುಗೀತೆಂಬ ಭಯ.

ಭಾನುವಾರ ಸಂಜೆ ಇಂಗ್ರಿಡ್ ಗಷ್ಟು ಕಾಣಲೆಂದು ಬಾಟಲಿಯನ್ನು ಮೇಣದಬತ್ತಿಯ ಎದುರು ಹಿಡಿದು ಗಾಜಿನ ಹೂಜಿಗೆ ನಿಧಾನವಾಗಿ ಬಗ್ಗಿಸಿದರು. ತಿಳಿಯಾಗಿಯೇ ಇಳಿಯಿತು. ಬಣ್ಣ ನಾನು ಎಣಿಸಿದ ಕೆಂಪಲ್ಲ; ಮಂಗಳೂರು ಹೆಂಚು ಹಳತಾದಾಗ ಬರುವಂಥದ್ದು. ಮೊದಲ ಗುಟುಕಿಗೆ ನಾಲಿಗೆ ಗೇರುಹಣ್ಣು ತಿಂದ ಹಾಗೆ ಜಡ್ಡುಗಟ್ಟಿತು. ಸ್ವಲ್ಪ ಹೊತ್ತು ಕಾಯಬೇಕು ಎಂದರು ಇಂಗ್ರಿಡ್. ಅರ್ಧ ಗಂಟೆ ಕಳೆದು ಮೂಸಿದರೆ ಒಣಗಿದ ಗುಲಾಬಿ, ಅದರ ಹಿಂದೆ ಡಾಂಬರಿನ ವಾಸನೆ. ನಮ್ಮ ಶಾಲೆಯ ರಸ್ತೆಗೆ ಮೊದಲ ಸಲ ಡಾಂಬರು ಹಾಕಿದ ದಿನ, ಕಾಲಿಗಂಟಿದ್ದನ್ನು ಅಮ್ಮ ಸೀಮೆಎಣ್ಣೆಯಲ್ಲಿ ಉಜ್ಜಿ ತೆಗೆದದ್ದು ನೆನಪಾಯಿತು. ನುಂಗಿದ ಮೇಲೂ ರುಚಿ ಹೋಗಲಿಲ್ಲ, ಹೊಸ್ತಿಲಲ್ಲಿ ನಿಂತು ಮಾತಾಡುವ ನೆಂಟರ ಹಾಗೆ.

ಇಂಗ್ರಿಡ್ ಲೋಟ ಮುಟ್ಟಿರಲಿಲ್ಲ. "ನನಗೊಂದೊಂದು ಗುಟುಕು ಕೊಟ್ಟು ಐದು ಬಾಟಲಿ ಲೆನ್ನಾರ್ಟೇ ಮುಗಿಸಿದ. ಅವನಿಗೆ ಕಾಯೋಕೇ ಬರ್ತಿರಲಿಲ್ಲ" ಎಂದರು. "ಇದೊಂದನ್ನ ಜಾಮ್ ಬಾಟಲಿಗಳ ಹಿಂದೆ ನಾನೇ ಬಚ್ಚಿಟ್ಟೆ. ಇನ್ನೂ ಚೆನ್ನಾಗಾಗಲಿ ಅಂತ. ಕೊಟ್ಟುಬಿಡಬೇಕಿತ್ತು."

ಶೈಲಾ ಅವರ ಕೈ ಹಿಡಿದುಕೊಂಡಳು. ಕೊನೆಗೆ ಇಂಗ್ರಿಡ್ ಒಂದು ಗುಟುಕು ಕುಡಿದರು, ಕಣ್ಣು ಮುಚ್ಚಿದರು, ಆಮೇಲೆ ನಕ್ಕರು. ಆ ಐದಕ್ಕಿಂತಲೂ ಇದೇ ಚೆನ್ನಾಗಿದೆ, ಅವನಿಗೆ ಗೊತ್ತಾಗಿದ್ದರೆ ಸಿಟ್ಟಾಗುತ್ತಿದ್ದ ಎಂದರು.

ಅವರು ಹೋದ ತಿಂಗಳೇ ನಾನೂ ಒಂದು ಬರೋಲೋ ತಂದು, ಇಪ್ಪತ್ತು ವರ್ಷ ಮುಟ್ಟುವುದಿಲ್ಲವೆಂದು ಶೈಲಾಳಿಗೆ ಮಾತು ಕೊಟ್ಟು, ಬಟ್ಟೆಯ ಕಪಾಟಿನಲ್ಲಿ ಮಲಗಿಸಿದೆ. ನಾಲ್ಕನೆಯ ತಿಂಗಳಿಗೆ ತೆಗೆದೆ. ಶೈಲಾ ಒಂದು ಗುಟುಕು ಕುಡಿದು ಮುಖ ಕಿವಿಚಿ ಚಹಾ ಮಾಡಲು ಎದ್ದುಹೋದಳು. ಉಳಿದದ್ದನ್ನು ನಾನೊಬ್ಬನೇ, ಬಹಳ ಚೆನ್ನಾಗಿದೆ ಎಂದು ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತ, ಕಣ್ಣಲ್ಲಿ ನೀರು ತಂದುಕೊಂಡು ಕುಡಿದು ಮುಗಿಸಿದೆ.