ಫೋನಿನಲ್ಲಿ ಬರೆಯಲಾಗದ ಗುಳಿಗೆ

ದವಾಖಾನೆ, ಕಚೇರಿ ಅಂತ ತಿರುಗುವ ಬಡವನಿಗೆ ನಗುವ ಪ್ರಸಂಗಗಳು ಬೇಡವೆಂದರೂ ಬಂದು ಬೀಳುತ್ತವೆ. ಹಲ್ಲು ಕಚ್ಚಿಕೊಂಡು ನಗಬೇಕು, ಅಷ್ಟೆ.

ನಾನು ಸಾಲಿ ಬಿಟ್ಟವನು. ಕಾಯ್ದೆ ಓದಿದ್ದು ಧರಣಿ ಕೂತಲ್ಲಿ. ಇಂಡಿ ತಾಲ್ಲೂಕಿನ ತಾಂಬಾದಲ್ಲಿರುವ ನಮ್ಮ ಅಕ್ಕನಿಗೆ ಹೊಟ್ಟೆಯ ಕ್ಯಾನ್ಸರ್. ದೊಡ್ಡ ಊರಿನ ದವಾಖಾನೆಯವರು, "ಇನ್ನು ಮಾಡುವುದೇನಿಲ್ಲ, ಮನೆಗೆ ಒಯ್ಯಿರಿ, ನೋವಿಗೆ ಇದನ್ನು ಕೊಡಿ" ಎಂದು ಮಾರ್ಫಿನ್ ಗುಳಿಗೆ ಕೊಟ್ಟು ಕಳಿಸಿದ್ದರು. ಗುಳಿಗೆ ತೀರಿತು, ನೋವು ತೀರಲಿಲ್ಲ. ಅಷ್ಟು ದೂರ ಅಕ್ಕನನ್ನು ಮತ್ತೆ ಒಯ್ಯುವಂತಿರಲಿಲ್ಲ. ಆ ಗುಳಿಗೆ ಮತ್ತೆ ಸಿಗಬೇಕು, ಅಕ್ಕ ಒಂದು ರಾತ್ರಿಯಾದರೂ ಮಲಗಬೇಕು. ಇದಕ್ಕಿಂತ ಸಣ್ಣ ಬೇಡಿಕೆ ಇಟ್ಟುಕೊಂಡು ನಾನು ಯಾವತ್ತೂ ಹೋರಾಡಿಲ್ಲ.

ಹದಿನಾರಾಣೆ ನೋವು

ಇಂಡಿಯ ದವಾಖಾನೆಯಲ್ಲಿ ವಿಚಾರಿಸಿದೆ. "ಈಗ ಡಾಕ್ಟರೇ ಫೋನಿನಾಗ ಬರ್ತಾರ. ಪೇಶಂಟ್ ಇಲ್ಲಿತನಕ ತರೂದು ಯಾಕ?" ಅಂದರು. ಮರುದಿನ ಆಶಾ ಕಾರ್ಯಕರ್ತೆ ಫೋನು ಹಿಡಿದು ಅಕ್ಕನ ಮನೆಗೆ ಬಂದಳು. ಅಕ್ಕನನ್ನು ಮಾತಾಡಿಸಲು ಬಂದ ಮಂದಿ ಪಡಸಾಲೆ ತುಂಬ ಕೂತಿದ್ದರು.

ಫೋನಿನಲ್ಲಿ ಡಾಕ್ಟರ ಮುಖ ಮೂಡಿತು. ಪರಗಂಡಸು ಬಂದನೆಂದು ಹೆಂಗಸರೆಲ್ಲ ಸೆರಗು ಎಳೆದುಕೊಂಡರು. ಹಾಸಿಗೆಯಲ್ಲಿದ್ದ ಅಕ್ಕನೂ ಮುಖದ ಮೇಲೆ ಎಳೆದುಕೊಂಡಳು. "ಅಮ್ಮಾ, ಮುಖ ತೋರಿಸಿ" ಎಂದು ಡಾಕ್ಟರು ಬೇಡಿಕೊಳ್ಳುತ್ತಿದ್ದಾಗ ಪಕ್ಕದ ಮನೆಯ ಅಜ್ಜ ತನ್ನ ಮೊಣಕಾಲು ಮುಂದೆ ಮಾಡಿದ. ಅದಕ್ಕೊಂದು ಮುಲಾಮು ಬರೆದರು. ಒಬ್ಬಳ ಗ್ಯಾಸಿಗೆ ಗುಳಿಗೆ ಬರೆದರು. ಇನ್ನೊಬ್ಬಳ ಹಳೆಯ ಚೀಟಿ ನೋಡಿ ಅದೇ ಬಿಪಿ ಗುಳಿಗೆ ಮುಂದುವರಿಸಿ ಅಂದರು. ಕಡೆಗೆ ಅಕ್ಕನ ಪಾಳಿ ಬಂತು.

"ನೋವು ಒಂದರಿಂದ ಹತ್ತರೊಳಗೆ ಎಷ್ಟಿದೆಯಮ್ಮಾ?"

"ಹದಿನಾರಾಣೆ ಐತ್ರಿ."

"ಹತ್ತರೊಳಗೆ ಹೇಳಬೇಕಮ್ಮಾ."

"ಹತ್ತರಾಗ ಹಿಡಿಸೂದಿಲ್ರೆಪಾ."

ನಾನು ಮಾರ್ಫಿನ್ ಹೆಸರು ತೆಗೆದೆ. ಡಾಕ್ಟರು ಗಾಬರಿಯಾದರು. "ಅದನ್ನು ಫೋನಿನಲ್ಲಿ ಬರೆಯುವ ಹಾಗಿಲ್ಲ. ಮೊದಲು ಬೇರೆಯವರು ಬರೆದಿದ್ದರೂ ಆಗಲ್ಲ. ಚಟ ಹತ್ತುವ ಔಷಧಿ ಅದು. ಪೇಶಂಟನ್ನು ಎದುರಿಗೆ ನೋಡಿಯೇ ಬರೆಯಬೇಕು."

ಸೆರಗಿನೊಳಗಿಂದ ಅಕ್ಕ ಅಂದಳು: "ಚಟ ಹತ್ತುತನಕ ನಾ ಇರ್ತೇನೇನು? ಅವರನ್ನ ಕೇಳೋ ತಮ್ಮಾ."

ಡಾಕ್ಟರು ಜ್ವರದ ಗುಳಿಗೆ ಬರೆದು ಮಾಯವಾದರು. ರೋಗಿಯನ್ನು ಮಾತಾಡಿಸಲು ಬಂದವರಿಗೆಲ್ಲ ಔಷಧಿ ಸಿಕ್ಕಿತು. ರೋಗಿಗೆ ಮಾತು ಸಿಕ್ಕಿತು.

ಮೊದಲು ಗುಳಿಗೆ, ಆಮೇಲೆ ರೋಗ

ಸಿಂದಗಿಯ ಒಂದು ಔಷಧಿ ಅಂಗಡಿಗೆ ಹೋದೆ. ಅಂಗಡಿಯವ ಧೈರ್ಯ ಹೇಳಿದ: "ಚೀಟಿ ಇಲ್ಲಂತ ಚಿಂತಿ ಮಾಡಬ್ಯಾಡ್ರಿ ಸಾಹುಕಾರ. ನಮ್ಮ ಕಡೆ ಫೋನಿನ ಡಾಕ್ಟರ್ ಅದಾರ. ಯಾವ ಗುಳಿಗಿ ಬೇಕು ಮೊದಲ ಹೇಳ್ರಿ, ಅದಕ್ಕ ತಕ್ಕ ರೋಗ ಅವರು ಬರೀತಾರ."

ನನ್ನ ಕಣ್ಣೆದುರೇ ಒಬ್ಬನಿಗೆ ನಿದ್ದೆ ಗುಳಿಗೆ ಕಟ್ಟಿ ಕೊಟ್ಟ. ಕೆಮ್ಮುವ ಕೂಸಿನ ತಾಯಿಗೆ, ಕೂಸನ್ನು ಯಾರೂ ನೋಡದೆಯೇ, ದೊಡ್ಡವರಿಗೆ ಕೊಡುವ ಔಷಧಿ ಅರ್ಧ ಮಾಡಿ ಕೊಟ್ಟ. ನಾನು ಬಾಯಿ ಮಾಡಿ ಆ ಔಷಧಿಯನ್ನು ತಿರುಗಿ ಕೊಡಿಸಿದೆ. ಆಮೇಲೆ ನನಗೆ ಬೇಕಾದದ್ದು ಹೇಳಿದೆ.

ಅವನ ಕೈ ಗಲ್ಲಾಪೆಟ್ಟಿಗೆಯ ಮೇಲೇ ನಿಂತಿತು. "ಅದು ಬ್ಯಾಡ್ರಿ. ಅದಕ್ಕ ಭಾಳ ಕಾಯ್ದೆ ಐತಿ. ನಮ್ದು ಕಾಯ್ದೇಶೀರ ಅಂಗಡಿ."

ಬೇಕೇ ಬೇಕು

ಸಿಟ್ಟು ನೆತ್ತಿಗೇರಿತು. ಮುದ್ದೇಬಿಹಾಳದಲ್ಲಿ ನಮ್ಮ ಸಂಗಾತಿಗಳಿದ್ದಾರೆ. ಅಲ್ಲಿ ತಾಲ್ಲೂಕು ಕಚೇರಿಯ ಮುಂದೆ ಟೆಂಟು ಹೊಡೆದೆವು. ಮೈಕ್ ಬಂತು. ಫೋನು ಹಿಡಿಸುವ ಬದಲು ಪ್ರತಿ ತಾಲ್ಲೂಕಿನಲ್ಲಿ ಈ ಗುಳಿಗೆ ಬರೆಯುವ ಡಾಕ್ಟರನ್ನು ಕೂಡಿಸಿ, ಗುಳಿಗೆಯನ್ನೂ ಇಡಿ ಎಂಬುದು ನಮ್ಮ ಬೇಡಿಕೆ. ಇಷ್ಟುದ್ದ ಕೂಗಲು ಬರುತ್ತದೆಯೇ? ಗಿಡ್ಡ ಮಾಡಿದೆವು: "ಬೇಕೇ ಬೇಕು! ಮಾರ್ಫಿನ್ ಬೇಕು!"

ಪೊಲೀಸ್ ಜೀಪು ಬಂತು. ಸಾಹೇಬರು ಇಳಿದು ನಮ್ಮನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು.

"ಏನ್ರೀ, ಗಾಂಜಾ ಸೇದವರು ಸಂದಿಯಾಗ ನಿಂತು ಕೇಳ್ತಾರ. ನೀವು ಮೈಕ್ ಹಚ್ಚಿ ಕೇಳಾಕತ್ತೀರಲ್ಲ! ನಾಚಿಕಿ ಐತೇನು?"

ಅಕ್ಕನ ಕಥೆ ಹೇಳಿದೆ. ಸಾಹೇಬರು ತಲೆ ತಗ್ಗಿಸಿದರು. ಜೊತೆಗಿದ್ದ ಪೇದೆ ನನ್ನನ್ನು ಬದಿಗೆ ಕರೆದ. ತಂಗಡಗಿ ಊರಿನವನಂತೆ, ಅವನ ಅಪ್ಪನೂ ಇದೇ ನೋವಿನಲ್ಲಿ ಹೋದವನಂತೆ. "ಬಸವನ ಬಾಗೇವಾಡಿಯೊಳಗ ಒಂದು ದವಾಖಾನಿ ಐತಿ. ಆ ಗುಳಿಗಿ ಇಡೂ ಲೈಸನ್ಸ್ ಅವರ ಕಡೆ ಐತಿ. ಅಕ್ಕಾರನ್ನ ಕರಕೊಂಡೇ ಹೋಗ್ರಿ, ಎದುರಿಗಿ ನೋಡಿ ಕೊಡ್ತಾರ." ಎರಡು ಹೆಜ್ಜೆ ಹೋಗಿ ತಿರುಗಿ ಬಂದ. "ಆದ್ರ ಅಲ್ಲಿ ಮೈಕ್ ಬ್ಯಾಡ್ರಿ ಅಣ್ಣಾರ. ಖರೇ ಗಿರಾಕಿಗೋಳು ಬಂದು ಪಾಳಿ ಹಚ್ಚತಾರ."

ಚಹಾದವನ ಹಿಂದೆ

ತಾಂಬಾದಿಂದ ಬಾಗೇವಾಡಿಗೆ ಗಾಡಿಯಲ್ಲಿ ಅಕ್ಕನನ್ನು ಹೇಗೆ ಒಯ್ದೆವು ಎಂದು ಬರೆಯುವುದಿಲ್ಲ. ಆ ರಸ್ತೆ ಮಾಡಿದ ಗುತ್ತಿಗೆದಾರನನ್ನು ಅದೇ ಹೊಟ್ಟೆಯೊಂದಿಗೆ ಅದೇ ಗಾಡಿಯಲ್ಲಿ ಮಲಗಿಸಬೇಕು.

ದವಾಖಾನೆಯಲ್ಲಿ ಸ್ಟ್ರೆಚರ್ ಕೊಟ್ಟರು. ಒಂದು ಕೋಣೆಗೆ ದೂಡಿಕೊಂಡು ಹೋಗಿ, ಕಂಪ್ಯೂಟರಿನ ಮುಂದೆ ನಿಲ್ಲಿಸಿದರು. "ಹೊರಗಿನ ಊರಿನ ಪೇಶಂಟ್ ಎಲ್ಲಾ ಇದರಾಗ ತೋರಸ್ಬೇಕ್ರಿ" ಅಂದ ಅಲ್ಲಿದ್ದ ನೌಕರ. ತೆರೆಯ ಮೇಲೆ ಒಬ್ಬ ಡಾಕ್ಟರು. ಪಾಪ, ಒಳ್ಳೆಯ ಮನುಷ್ಯ. ಎಲ್ಲ ಕೇಳಿಕೊಂಡು ಅಂದರು: "ಇವರಿಗೆ ಮಾರ್ಫಿನ್ ಬೇಕೇ ಬೇಕ್ರಿ. ಆದ್ರ ಹಿಂಗ ವಿಡಿಯೋದಾಗ ನೋಡಿ ಬರಿಯಾಂಗಿಲ್ಲ. ಪೇಶಂಟ್ ನನ್ನ ಎದುರಿಗಿ ಬರಬೇಕು."

"ನೀವು ಎಲ್ಲಿ ಅದೀರಿ ಸಾಹೇಬ್ರ? ಸೊಲ್ಲಾಪುರದಾಗೋ, ಬೆಂಗಳೂರಾಗೋ?" ಅಂತ ನಾನು ಚೀರಿದೆ.

ಅಷ್ಟರಲ್ಲಿ ಚಹಾದವನು ನಮ್ಮ ಕೋಣೆಗೆ ಬಂದು, ನನ್ನ ಕೈಗೊಂದು ಕಪ್ಪು ಕೊಟ್ಟು, ಕಿಟಲಿ ಹಿಡಿದು ಹೊರಗೆ ಹೋದ. ನಾನು ಕಪ್ಪು ಬಾಯಿಗೆ ಒಯ್ಯುವುದರೊಳಗೆ ಅದೇ ಚಹಾದವ, ಅದೇ ಕಿಟಲಿ ಸಮೇತ, ತೆರೆಯ ಮೇಲೆ ಡಾಕ್ಟರ ಹಿಂದೆ ಕಾಣಿಸಿಕೊಂಡ. ಅವರಿಗೂ ಒಂದು ಕಪ್ಪು ಕೊಟ್ಟ.

ನಾನು ಸ್ಟ್ರೆಚರ್ ಹಿಡಿದೆ. "ಎಲ್ಲಿಗ್ರಿ?" ಎಂದು ನೌಕರ ಅಡ್ಡ ಬಂದ. "ಚಹಾ ಹೋದಲ್ಲಿಗೆ" ಎಂದೆ. ಮಗ್ಗುಲ ಕೋಣೆಯ ಬಾಗಿಲು ನೂಕಿದೆ. ಡಾಕ್ಟರು ಬಾಗಿಲ ಕಡೆ ಬೆನ್ನು ಮಾಡಿ, ಖಾಲಿ ತೆರೆಗೆ "ಹಲೋ, ಹಲೋ" ಅನ್ನುತ್ತಿದ್ದರು. ತಿರುಗಿ ಅಕ್ಕನನ್ನು ನೋಡಿ ದಿಗ್ಗನೆ ಎದ್ದರು. ನಾಡಿ ಹಿಡಿದರು, ಹೊಟ್ಟೆ ಮುಟ್ಟಿ ನೋಡಿದರು, ಅಲ್ಲೇ ಕೂತು ಬರೆದರು.

"ನೆಟ್‌ವರ್ಕ್ ಹೋತು ಅಂತ ತಿಳ್ಕೊಂಡಿದ್ನಿ" ಅಂದರು.

ಕೂಡಿಸುವ ಅವಸರ

ಆ ರಾತ್ರಿ ಮನೆಗೆ ಬಂದು ಅಕ್ಕ ಗುಳಿಗೆ ನುಂಗಿ ಮಲಗಿದಳು. ನಾನೂ ಪಡಸಾಲೆಯಲ್ಲಿ ಸತ್ತವನ ಹಾಗೆ ಬಿದ್ದುಕೊಂಡೆ.

ಅಕ್ಕನ ನರಳಾಟ ಕೇಳಿಯೇ ಓಣಿಗೆ ಬೆಳಗಾಗುತ್ತಿತ್ತು. ಅವತ್ತು ದನಿ ಇಲ್ಲ. ಪಕ್ಕದ ಮನೆಯವಳು ಇಣುಕಿ ನೋಡಿದಳು. ಅಕ್ಕನ ಮುಖ ಸಮಾಧಾನವಾಗಿತ್ತು. ಅಷ್ಟು ಸಮಾಧಾನದ ಮುಖವನ್ನು ಆ ಮನೆಯಲ್ಲಿ ಯಾರೂ ಈಚೆಗೆ ಕಂಡಿರಲಿಲ್ಲ. ಪಕ್ಕದ ಮನೆಯವಳು ಬಾಯಿ ಬಡಿದುಕೊಂಡಳು.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಇಡುವುದಿಲ್ಲ. ಗೋಡೆಗೆ ಆನಿಸಿ ಕೂಡಿಸುತ್ತೇವೆ, ಹಣೆಗೆ ವಿಭೂತಿ ಹಚ್ಚಿ ಮುಂದೆ ಭಜನೆ ಮಾಡುತ್ತೇವೆ. ಮೈ ಸೆಟೆಯುವುದರೊಳಗೆ ಕೂಡಿಸಬೇಕು, ಅದಕ್ಕೇ ಅವಸರ. ಗದ್ದಲಕ್ಕೆ ನಾನು ಎಚ್ಚರಾಗುವಷ್ಟರಲ್ಲಿ ಓಣಿಯ ಹಿರಿಯರು ಅಕ್ಕನ ಬಗಲಿಗೆ ಕೈ ಹಾಕಿ ಎತ್ತಿದ್ದರು. ಗೋಡೆಗೆ ಆನಿಸಿಯೂ ಆಗಿತ್ತು. ಮುಲಾಮಿನ ಮೊಣಕಾಲಿನ ಅಜ್ಜ ವಿಭೂತಿ ಹಿಡಿದು ಬಗ್ಗಿದ್ದ. ಹೆಂಗಸರು, "ಎಷ್ಟು ಒಳ್ಳೆಯಾಕಿದ್ದೆವ್ವಾ, ಎಲ್ಲಿಗೆ ಹೋದೆವ್ವಾ" ಎಂದು ಹಾಡಿಕೊಂಡು ಅಳುತ್ತಿದ್ದರು.

ಅಕ್ಕ ಕಣ್ಣು ತೆರೆದಳು.

ಅಜ್ಜ ವಿಭೂತಿ ಸಮೇತ ಹಿಂದಕ್ಕೆ ಬಿದ್ದ. ಅಳು ನಿಂತಿತು. ಅಕ್ಕ ಸುತ್ತ ಕೂತ ಮಂದಿಯನ್ನು ಒಬ್ಬೊಬ್ಬರಾಗಿ ನೋಡಿದಳು. ಏನು ನಡೆದಿದೆ ಎಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ.

"ಸತ್ತ ಮ್ಯಾಲ ನೀವು ಹೇಳಿದಷ್ಟೊತ್ತು ಕುಂದರ್ತೇನ್ರೆವ್ವಾ," ಅಂದಳು. "ಈಗರ ಮಲಗಾಕ ಬಿಡ್ರಿ."