ಬಟ್ಟೆಯೊಳಗಿನ ಸಿಗ್ನಲ್

ಉದ್ಘಾಟನೆಯಾಗದ ವಸ್ತುವನ್ನು ಸಾರ್ವಜನಿಕರು ನೋಡತಕ್ಕದ್ದಲ್ಲ. ಆದ್ದರಿಂದ ರಾಯಬಾಗದ ದಾರಿಯಲ್ಲಿರುವ ಕಬ್ಬಿನ ಕ್ರಾಸಿನ ಹೊಸ ಸಿಗ್ನಲ್ಲಿಗೆ, ಮಂತ್ರಿಗಳು ಬರುವವರೆಗೆ, ಹಳದಿ ಬಟ್ಟೆ ಸುತ್ತಲಾಗಿತ್ತು. ಆದರೆ ಅಪಘಾತಗಳು ಮಂತ್ರಿಗಳಿಗಾಗಿ ಕಾಯುವುದಿಲ್ಲವಾದ್ದರಿಂದ ಒಳಗಿನ ದೀಪಗಳನ್ನು ಚಾಲೂ ಮಾಡಲಾಗಿತ್ತು. ಬಿಡಿಸಿ ಹೇಳಬೇಕೆಂದರೆ, ಸಿಗ್ನಲ್ ಇತ್ತು, ಅದನ್ನು ಪಾಲಿಸುವುದು ಕಡ್ಡಾಯವಾಗಿತ್ತು, ಅದು ಕಾಣುತ್ತಿರಲಿಲ್ಲ, ಅಷ್ಟೆ.

ಈ ಸಣ್ಣ ತೊಡಕಿಗಾಗಿ ಸಂಚಾರ ಸುಧಾರಣಾ ಸಮಿತಿಯ ಅಧ್ಯಕ್ಷ ಬಾಪುಸಾಹೇಬರು ಹೋಮ್‌ಗಾರ್ಡ್ ಮಾಳೇಶನನ್ನು ಕರೆದರು. ವರ್ಷಗಟ್ಟಲೆ ಅಲ್ಲಿ ಸೀಟಿ ಊದಿದವನು ಅವನೇ. ಸಿಗ್ನಲ್ ಬಂದರೆ ಸೀಟಿ ಬೇಡ, ಸೀಟಿ ಬೇಡವಾದರೆ ಮಾಳೇಶನೂ ಬೇಡ. ಒಪ್ಪಿಸಿ ಹೋಗಲೆಂದು ಅವನು ಸೀಟಿಯನ್ನು ಕೈಯಲ್ಲೇ ಹಿಡಿದು ಬಂದಿದ್ದ.

"ಉದ್ಘಾಟನೆ ಆಗೂತನಕ ಇರಪಾ. ಏಣಿ ಏರಿ, ಆ ಹಳದಿ ಅರಿವ್ಯಾಗ ತಲಿ ಹಾಕಿ, ದೀಪದ ಬಣ್ಣ ನೋಡಿ ಹೇಳು."

"ಸಾರ್ವಜನಿಕರು ನೋಡಬಾರ್ದು ಅಂತೀರಲ್ರಿ ಸಾಹೇಬ್ರ?"

"ಖಾಕಿ ಹಾಕ್ಕೊಂಡಾಂವ ನೀ ಸಾರ್ವಜನಿಕ ಹೆಂಗ ಆಗ್ತೀಯೋ?"

ಅದು ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವ ಹಂಗಾಮು. ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರಿನ ಮೇಲಿಂದ ಲಗಮಪ್ಪ ಕೂಗುವನು:

"ಮಾಳೇಶಣ್ಣಾ, ಒಳಗ ಏನೈತಿ?"

"ಕೆಂಪೈತಿ!"

"ಇನ್ನೊಮ್ಮೆ ಛಲೋತ್ನಂಗ ನೋಡೋ ಯಪ್ಪಾ!"

ಮಾಳೇಶ ಮತ್ತೆ ತಲೆ ಹಾಕುವಷ್ಟರಲ್ಲಿ ಹಸಿರಾಗಿರುತ್ತಿತ್ತು. ಹೀಗೆ, ಕೇಳಿದರೆ ಸಿಗುತ್ತದೆ ಎಂದು ಜನರಿಗೆ ಸರ್ಕಾರದ ಮೇಲೆ ನಂಬಿಕೆ ಬೆಳೆಯಿತು.

ಮಂತ್ರಿಗಳ ತಾರೀಖು ಮುಂದೆ ಹೋದಷ್ಟೂ ಮಾಳೇಶ ನೆಮ್ಮದಿಯಿಂದ ಉಂಡ. ಕೊನೆಗೆ ಅವರು ಬಂದೇಬಿಟ್ಟರು. ಬಟ್ಟೆ ಸರಿಯಿತು, ಚಪ್ಪಾಳೆ ಬಿತ್ತು. ಮಾಳೇಶ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

ದೀಪ ಹಸಿರಾಯಿತು. ಒಂದು ಗಾಡಿಯೂ ಕದಲಲಿಲ್ಲ.

"ಹಸರ ಕಾಣೂದಿಲ್ಲೇನ್ರಿ?" ಬಾಪುಸಾಹೇಬರು ಗದರಿದರು.

"ಕಾಣತೈತ್ರಿ," ಎಂದ ಲಗಮಪ್ಪ. "ಖರೇ ಮಾಳೇಶಣ್ಣ ಇನ್ನೂ ಹೇಳಿಲ್ಲಲ್ರಿ."

ಕಬ್ಬಿನ ಟ್ರೇಲರುಗಳ ನಡುವೆ ಮಂತ್ರಿಗಳ ಕಾರೂ ಸಿಕ್ಕಿಕೊಂಡಿತು. ಅವರಿಗೆ ಶೇಡಬಾಳದಲ್ಲಿ ಇನ್ನೊಂದು ಉದ್ಘಾಟನೆ ಇತ್ತು.

"ಯಾರ್ರಿ ಅಂವ ಮಾಳೇಶ? ಏರಸ್ರಿ ಮ್ಯಾಲ!" ಎಂದರು ಮಂತ್ರಿಗಳು.

ಮಾಳೇಶ ವಿನಯದಿಂದ ಕೈ ಮುಗಿದ. "ಅರಿವಿ ಇಲ್ದ ತಲಿ ಎಲ್ಲಿ ಹಾಕ್ಲಿರಿ?"

ಮಂತ್ರಿಗಳೇ ಸ್ವಹಸ್ತದಿಂದ ಬಟ್ಟೆ ಹೊದಿಸಿದರು. ಮತ್ತೊಮ್ಮೆ ಚಪ್ಪಾಳೆ ಬಿತ್ತು. ಮಾಳೇಶ ಏಣಿ ಏರಿ, ತಲೆ ಹಾಕಿ ಹಸಿರೆಂದ, ದಾರಿ ಬಿಟ್ಟಿತು.

ಮರುದಿನ ಆದೇಶ ಹೊರಬಿತ್ತು: "ಸಾರ್ವಜನಿಕರ ಸುರಕ್ಷತೆಯ ದೃಷ್ಟಿಯಿಂದ ಸದರಿ ಸಿಗ್ನಲ್ಲನ್ನು ಸದಾಕಾಲ ಮುಚ್ಚಿಡತಕ್ಕದ್ದು. ಒಳಗೆ ನೋಡಲು ಮಾಳೇಶನನ್ನು ಕಾಯಂ ನೇಮಿಸಲಾಗಿದೆ."

ಪಕ್ಕದ ಕ್ರಾಸಿನವರೂ ತಮಗೆ ಇಂಥದೇ ಸುಧಾರಣೆ ಬೇಕೆಂದು ಬಾಪುಸಾಹೇಬರಲ್ಲಿಗೆ ಬಂದರು. ಸದ್ಯಕ್ಕೆ ಬಟ್ಟೆ, ಏಣಿ ಕೊಟ್ಟರೆ ಸಾಕಂತೆ. ಸಿಗ್ನಲ್ ನಿಧಾನಕ್ಕೆ ಬಂದರೂ ನಡೆಯುತ್ತದಂತೆ.